ಒಂದೇ ಮನೆ, ಎರಡು ಶಾಲೆ: ಬೆಂಗಳೂರಿನ ಖಾಸಗಿ ಮತ್ತು ಸರ್ಕಾರಿ ಶಾಲೆಗಳ ವಿಮರ್ಶೆ

ಬೆಂಗಳೂರಿನ ತಂದೆತಾಯಿಗಳು ಖಾಸಗಿ ಶಾಲೆಯನ್ನೂ ಸರ್ಕಾರಿ ಶಾಲೆಯನ್ನೂ ಹೋಲಿಸುವಾಗ ಸರಿಸಮವಲ್ಲದ ಎರಡನ್ನು ಎದುರುಬದುರು ನಿಲ್ಲಿಸಿಬಿಡುತ್ತಾರೆ. ಒಂದು ಕಡೆ ಸರ್ಜಾಪುರ ರಸ್ತೆಯಲ್ಲೋ ಯಲಹಂಕದ ಆಚೆಯೋ ಈಜುಕೊಳ, ಟೆನಿಸ್ ಅಂಕಣಗಳ ಸಮೇತ ಹಬ್ಬಿಕೊಂಡಿರುವ ಅಂತರರಾಷ್ಟ್ರೀಯ ಶಾಲೆ. ಇನ್ನೊಂದು ಕಡೆ ತಮ್ಮ ಬಡಾವಣೆಯ, ಗೋಡೆಯ ಬಣ್ಣ ಕಿತ್ತುಬಂದಿರುವ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ. ಮನೆ ಬಾಡಿಗೆ ಕಟ್ಟಿ ಉಳಿದ ಸಂಬಳದಲ್ಲಿ ಮಕ್ಕಳನ್ನು ಓದಿಸುವ ನಮ್ಮಂಥವರಿಗೆ ಆ ಮೊದಲನೆಯದು ಎಟುಕುವ ಮಾತೇ ಅಲ್ಲ. ನಮಗೆ ನಿಜವಾಗಿ ಸಿಗುವ ಖಾಸಗಿ ಶಾಲೆಯೆಂದರೆ ಮುಖ್ಯರಸ್ತೆಯಿಂದ ಎರಡು ಅಡ್ಡರಸ್ತೆ ಒಳಗೆ, ವಾಸದ ಮನೆಯ ಮೇಲೆ ಅಂತಸ್ತುಗಳನ್ನು ಏರಿಸಿ ನಡೆಸುತ್ತಿರುವ ಕಾನ್ವೆಂಟು ಅಥವಾ ಅದಕ್ಕಿಂತ ತುಸು ಮೇಲಿನ ದರ್ಜೆಯ ಸಿಬಿಎಸ್‌ಇ ಶಾಲೆ. ಈ ಎರಡರ ಜೊತೆಗಿಟ್ಟು ನೋಡಿದರೆ, ಒಂದರಿಂದ ಐದನೆಯ ತರಗತಿಯವರೆಗೆ, ಶಿಕ್ಷಕರ ಹುದ್ದೆಗಳು ಭರ್ತಿಯಾಗಿರುವ ಸರ್ಕಾರಿ ಶಾಲೆಯೇ ಮೇಲು ಎಂಬುದು ನನ್ನ ಅಭಿಪ್ರಾಯ. ಹುದ್ದೆಗಳು ಖಾಲಿಯಿರುವ ಶಾಲೆಯಾದರೆ ಈ ಮಾತನ್ನು ಹಿಂತೆಗೆದುಕೊಳ್ಳುತ್ತೇನೆ.

ನಮ್ಮ ಮನೆ ಮಾಗಡಿ ರಸ್ತೆಯ ಕಡೆಗಿದೆ. ಮಗಳು ಏಳನೆಯ ತರಗತಿಯಲ್ಲಿದ್ದು, ಮೊದಲಿನಿಂದಲೂ ಖಾಸಗಿ ಸಿಬಿಎಸ್‌ಇ ಶಾಲೆಯಲ್ಲಿಯೇ ಓದುತ್ತಿದ್ದಾಳೆ. ಮಗನನ್ನು ಒಂದನೆಯ ತರಗತಿಗೆ ಸರ್ಕಾರಿ ಶಾಲೆಯ ಇಂಗ್ಲಿಷ್ ಮಾಧ್ಯಮ ವಿಭಾಗಕ್ಕೆ ಸೇರಿಸಿದೆವು. ಅವನೀಗ ಮೂರನೆಯ ತರಗತಿ. ಇಬ್ಬರೂ ಇನ್ನೂ ಅಲ್ಲಿಯೇ ಇರುವುದರಿಂದ ಶಾಲೆಗಳ ಹೆಸರು ಬರೆಯುತ್ತಿಲ್ಲ.

ಮೊದಲು ಹಣದ ವಿಷಯವನ್ನು ಮುಗಿಸಿಬಿಡೋಣ. ಮಗಳ ಶಾಲೆಯ ಈ ಸಾಲಿನ ಶುಲ್ಕ 84,000 ರೂಪಾಯಿ, ಮೂರು ಕಂತುಗಳಲ್ಲಿ. ವ್ಯಾನಿಗೆ ತಿಂಗಳಿಗೆ 2,200. ಪುಸ್ತಕ ಮತ್ತು ನೋಟ್‌ಬುಕ್‌ಗಳ ಕಟ್ಟು 9,600 ರೂಪಾಯಿ. ಅದನ್ನು ಶಾಲೆಯಲ್ಲಿಯೇ ಕೊಳ್ಳಬೇಕು, ಬಿಡಿಯಾಗಿ ಕೊಡುವುದಿಲ್ಲ. ಆ ಕಟ್ಟಿನೊಳಗೆ ಶಾಲೆಯ ಲಾಂಛನ ಅಚ್ಚಾದ ಬೈಂಡ್ ಕಾಗದ, ಹೆಸರಿನ ಚೀಟಿ, ಸಾಮಾನ್ಯ ಜ್ಞಾನದ ಒಂದು ಪುಸ್ತಕ, ಮೌಲ್ಯ ಶಿಕ್ಷಣದ ಒಂದು ಪುಸ್ತಕ, ಕಂಪ್ಯೂಟರಿನ ಒಂದು ಪುಸ್ತಕ ಇರುತ್ತವೆ. ಮಾರ್ಚಿನಲ್ಲಿ ರದ್ದಿಗೆ ಹಾಕುವಾಗ ತೆರೆದು ನೋಡಿದರೆ ಈ ಮೂರರಲ್ಲೂ ಮೊದಲ ಕೆಲವು ಪಾಠಗಳನ್ನು ಬಿಟ್ಟು ಉಳಿದ ಹಾಳೆಗಳು ಬೆರಳು ಸೋಕದೆ ಉಳಿದಿರುತ್ತವೆ. ಆದಾಯ ತೆರಿಗೆಯಲ್ಲಿ ಇಬ್ಬರು ಮಕ್ಕಳ ಬೋಧನಾ ಶುಲ್ಕಕ್ಕೆ ವಿನಾಯಿತಿ ಇದೆಯಲ್ಲ ಎಂದು ಯಾರಾದರೂ ಸಮಾಧಾನ ಹೇಳಬಹುದು. ಅದು ಹಳೆಯ ತೆರಿಗೆ ಪದ್ಧತಿಯಲ್ಲಿ ಇರುವವರಿಗೆ ಮಾತ್ರ, ಅದೂ 1.5 ಲಕ್ಷದ ಒಟ್ಟು ಮಿತಿಯೊಳಗೆ, ಅದೂ ರಸೀದಿಯಲ್ಲಿ ಬೋಧನಾ ಶುಲ್ಕ ಎಂದು ನಮೂದಾಗಿರುವ ಮೊತ್ತಕ್ಕಷ್ಟೆ. ನಮ್ಮ ರಸೀದಿಯಲ್ಲಿ ಅಭಿವೃದ್ಧಿ ಶುಲ್ಕ, ಚಟುವಟಿಕೆ ಶುಲ್ಕ ಎಂದು ಒಡೆದು ಬರೆದಿರುವ ಭಾಗಕ್ಕೆ ಅದು ಅನ್ವಯಿಸುವುದಿಲ್ಲ. ಮಗನ ಶಾಲೆಯಲ್ಲಿ ಶುಲ್ಕವಿಲ್ಲ. ಪಠ್ಯಪುಸ್ತಕ, ಸಮವಸ್ತ್ರ, ಶೂ, ಕಾಲುಚೀಲ ಉಚಿತ. ಉಚಿತವೆಂದರೆ ಸಕಾಲಕ್ಕೆ ಎಂದು ಅರ್ಥವಲ್ಲ: ಕಳೆದ ವರ್ಷ ಎರಡನೆಯ ಜೊತೆ ಸಮವಸ್ತ್ರ ಕೈಸೇರಿದ್ದು ದಸರಾ ರಜೆ ಮುಗಿದ ಮೇಲೆ, ಅದರ ಅಳತೆಯೂ ಅಣ್ಣನೊಬ್ಬ ಇದ್ದಿದ್ದರೆ ಅವನಿಗೆ ಸರಿಹೋಗುವಂತಿತ್ತು.

ಕಲಿಕೆಯ ವಿಷಯದಲ್ಲಿ ಸರ್ಕಾರಿ ಶಾಲೆಯ ಕೆಳತರಗತಿಗಳನ್ನು ನೋಡದೆಯೇ ತೀರ್ಮಾನಕ್ಕೆ ಬರುವವರು ಹೆಚ್ಚು. ರಾಜ್ಯದ ಸರ್ಕಾರಿ ಶಾಲೆಗಳಲ್ಲಿ ಒಂದರಿಂದ ಮೂರನೆಯ ತರಗತಿಯವರೆಗೆ ನಡೆಯುವುದು ನಲಿ-ಕಲಿ ಪದ್ಧತಿ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಶಿಕ್ಷಕರೇ ಕೂಡಿ ರೂಪಿಸಿದ ಪ್ರಯೋಗ ಕ್ರಮೇಣ ರಾಜ್ಯವನ್ನೆಲ್ಲ ವ್ಯಾಪಿಸಿತು. ಮಗನ ಕೋಣೆಯಲ್ಲಿ ಬೆಂಚುಗಳಿಲ್ಲ. ಗಿಡ್ಡ ಮೇಜುಗಳ ಸುತ್ತ ಮಕ್ಕಳು ಗುಂಪುಗುಂಪಾಗಿ ಕುಳಿತಿರುತ್ತಾರೆ; ಮೂರೂ ತರಗತಿಯವರು ಒಂದೇ ಕೋಣೆಯಲ್ಲಿ. ಗೋಡೆಯ ಕೆಳಭಾಗದಲ್ಲಿ ಮಕ್ಕಳ ಎತ್ತರಕ್ಕೆ ಉದ್ದಕ್ಕೂ ಕಪ್ಪುಹಲಗೆ ಬಳಿದು, ಗೀಟು ಎಳೆದು ಒಬ್ಬೊಬ್ಬರಿಗೂ ಪಾಲು ಹಂಚಿದ್ದಾರೆ. ಮೇಲೆ ದಾರ ಕಟ್ಟಿದ ಚಪ್ಪರ. ಅದರಿಂದ ಮಕ್ಕಳೇ ಬರೆದ ಚಿತ್ರಗಳೂ ಕತ್ತರಿಸಿದ ಕಾಗದದ ಹಕ್ಕಿಗಳೂ ತೂಗಾಡುತ್ತವೆ. ಕಲಿಯಬೇಕಾದುದನ್ನು ಮೆಟ್ಟಿಲು ಮೆಟ್ಟಿಲಾಗಿ ತೋರಿಸುವ, ಗೋಡೆಗೆ ಅಂಟಿಸಿದ ಕಲಿಕಾ ಏಣಿಯಲ್ಲಿ ತಾನು ಎಲ್ಲಿದ್ದೇನೆಂದು ನೋಡಿಕೊಂಡು, ಆ ಮೆಟ್ಟಿಲಿನ ಕಾರ್ಡನ್ನು ಮಗುವೇ ತೆಗೆದುಕೊಂಡು ಬಂದು ತನ್ನ ಗುಂಪಿನಲ್ಲಿ ಕೂರುತ್ತದೆ. ಕೆಲವು ಗುಂಪುಗಳಿಗೆ ಶಿಕ್ಷಕಿಯ ಪೂರ್ಣ ನೆರವು, ಕೆಲವಕ್ಕೆ ಸಹಪಾಠಿಗಳ ನೆರವು, ಇನ್ನು ಕೆಲವರು ತಾವಾಗಿಯೇ ಮಾಡಬೇಕು.

ಇದರ ಲಾಭ ನನಗೆ ಮನದಟ್ಟಾಗಿದ್ದು ಮಗನಿಗೆ ಟೈಫಾಯಿಡ್ ಬಂದು ಬಹಳ ದಿನ ಶಾಲೆ ತಪ್ಪಿದಾಗ. ಮರಳಿ ಹೋದವನು ಬಿಟ್ಟ ಮೆಟ್ಟಿಲಿನಿಂದಲೇ ಮುಂದುವರಿಸಿದ; ‘ಪೋರ್ಷನ್ ಮುಂದೆ ಹೋಗಿದೆ, ಮನೆಯಲ್ಲಿ ಕವರ್ ಮಾಡಿಸಿ’ ಎಂಬ ಮಾತು ಕೇಳಿಬರಲಿಲ್ಲ. ಮಗಳ ಶಾಲೆಯಲ್ಲಿ ಅದೇ ಮಾತು ಜ್ವರಕ್ಕೂ ಬರುತ್ತದೆ, ಅಜ್ಜಿಯ ತಿಥಿಗೆ ಊರಿಗೆ ಹೋದರೂ ಬರುತ್ತದೆ. ಅಲ್ಲಿನ ಗೋಡೆಯ ಮೇಲಿರುವ ಸ್ಮಾರ್ಟ್ ಕ್ಲಾಸ್ ಪರದೆಯ ಬಗ್ಗೆ ಪ್ರವೇಶದ ದಿನ ನಮಗೆ ಬಹಳ ಹೇಳಿದ್ದರು. ಅದರಲ್ಲಿ ಓಡುವುದು ಪಠ್ಯಪುಸ್ತಕದ ಪ್ರಕಾಶಕರೇ ಕೊಟ್ಟ ವಿಡಿಯೊ, ಅದು ಮುಗಿದ ಮೇಲೆ ಮಕ್ಕಳು ಪ್ರಶ್ನೋತ್ತರವನ್ನು ನೋಟ್‌ಬುಕ್ಕಿಗೆ ಇಳಿಸಿಕೊಳ್ಳುತ್ತಾರೆ.

ಹಾಗೆಂದು ನಲಿ-ಕಲಿಯನ್ನು ಕಣ್ಣುಮುಚ್ಚಿ ಹೊಗಳುವಂತಿಲ್ಲ. ಒಬ್ಬ ಶಿಕ್ಷಕಿಯ ಕೈಗೆ ಮೂವತ್ತರೊಳಗಿನ ಮಕ್ಕಳಿದ್ದಾಗ ಅದು ನಡೆಯುತ್ತದೆ; ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯೂ ಕಿರಿಯ ಪ್ರಾಥಮಿಕ ಹಂತಕ್ಕೆ ಅದೇ ಪ್ರಮಾಣವನ್ನು ಹೇಳುತ್ತದೆ. ಐವತ್ತು ಮಕ್ಕಳನ್ನು ಒಬ್ಬರೇ ನೋಡಿಕೊಳ್ಳಬೇಕಾದ ದಿನ ಏಣಿ ಗೋಡೆಯ ಮೇಲಿನ ಅಲಂಕಾರವಾಗುತ್ತದೆ, ಕಾರ್ಡುಗಳು ಪೆಟ್ಟಿಗೆಯಲ್ಲಿಯೇ ಉಳಿಯುತ್ತವೆ, ಮಕ್ಕಳು ಬೋರ್ಡು ನೋಡಿ ಬರೆಯುತ್ತಾರೆ.

ಆದ್ದರಿಂದಲೇ ಶಿಕ್ಷಕರ ಪ್ರಶ್ನೆ ಎಲ್ಲಕ್ಕಿಂತ ದೊಡ್ಡದು. ಇಂದು ಸರ್ಕಾರಿ ಶಾಲೆಯ ಹುದ್ದೆಗೆ ಆಯ್ಕೆಯಾಗುವವರು ಡಿ.ಎಡ್ ಅಥವಾ ಬಿ.ಎಡ್ ಮುಗಿಸಿ, ಶಿಕ್ಷಕರ ಅರ್ಹತಾ ಪರೀಕ್ಷೆ ಪಾಸಾಗಿ, ಮೇಲೆ ಸ್ಪರ್ಧಾತ್ಮಕ ಪರೀಕ್ಷೆಯನ್ನೂ ಬರೆದು ಬಂದವರು. ಅವರ ಸಂಬಳ ನಮ್ಮ ಓಣಿಯ ಕಾನ್ವೆಂಟಿನ ಶಿಕ್ಷಕಿಯ ಸಂಬಳದ ಹಲವು ಪಟ್ಟು. ಮಗಳ ಶಾಲೆಯಲ್ಲಿ ಕಳೆದ ಸಾಲಿನಲ್ಲಿ ಗಣಿತದ ಶಿಕ್ಷಕಿ ನವೆಂಬರಿನಲ್ಲಿ ಬಿಟ್ಟುಹೋದರು. ಅವರ ಜಾಗಕ್ಕೆ ಬಂದವರು ಜನವರಿಯಲ್ಲಿ ಹೋದರು. ಪ್ರತಿಯೊಬ್ಬರೂ ಭಿನ್ನರಾಶಿಯನ್ನು ಮೊದಲಿನಿಂದ ಶುರುಮಾಡಿದರೇ ಹೊರತು ಯಾರೂ ಮುಗಿಸಲಿಲ್ಲ. ಹೆಚ್ಚು ಸಂಬಳ ಕೊಡುವ ಶಾಲೆ ಸಿಕ್ಕಿದರೆ ಅವರು ಹೋಗುವುದು ಸಹಜವೇ, ಅವರನ್ನು ದೂರುವಂತಿಲ್ಲ; ಆದರೆ ನಾವು ಕಟ್ಟುವ 84,000 ಎಲ್ಲಿಗೆ ಹೋಗುತ್ತದೆ ಎಂಬ ಪ್ರಶ್ನೆ ಮನೆಯಲ್ಲಿ ಏಳುತ್ತದೆ.

ಸರ್ಕಾರಿ ಶಾಲೆಯ ತೊಂದರೆ ಬೇರೆ ಬಗೆಯದು. ಅಲ್ಲಿ ಶಿಕ್ಷಕಿ ಕೆಲಸ ಬಿಟ್ಟು ಹೋಗುವುದಿಲ್ಲ, ಆದರೆ ತರಗತಿಯಲ್ಲಿ ಇರಲು ಅವರನ್ನು ಬಿಡುವುದಿಲ್ಲ. ಮತದಾರರ ಪಟ್ಟಿಗೆ ಬೂತ್ ಮಟ್ಟದ ಅಧಿಕಾರಿ, ಚುನಾವಣೆಗೆ ಮತಗಟ್ಟೆ ಅಧಿಕಾರಿ, ಮನೆಮನೆ ಸಮೀಕ್ಷೆಗೆ ಗಣತಿದಾರ, ಎಲ್ಲವೂ ಅವರೇ. 2025ರ ಸೆಪ್ಟೆಂಬರ್ 22ರಂದು ಆರಂಭವಾದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆ ನಿಗದಿತ ಅವಧಿಯಲ್ಲಿ ಮುಗಿಯದೆ, ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ದಸರಾ ರಜೆಯನ್ನು ಅಕ್ಟೋಬರ್ 18ರವರೆಗೆ ಮುಂದುವರಿಸಬೇಕಾಯಿತು. ಮಗಳು ಶಾಲೆಗೆ ಹೊರಡುವಾಗ ಮಗ ಬೀದಿಯಲ್ಲಿ ಕ್ರಿಕೆಟ್ ಆಡುತ್ತಿದ್ದ. ಅವನಿಗೇನೋ ಸಂತೋಷವೇ, ಅವಳ ಸಿಟ್ಟನ್ನು ತಣಿಸುವುದು ನಮಗೆ ಕಷ್ಟವಾಯಿತು. ಇದರ ಜೊತೆಗೆ ಖಾಲಿ ಹುದ್ದೆಗಳಿಗೆ ಪ್ರತಿವರ್ಷ ಹೊಸದಾಗಿ ನೇಮಿಸುವ ಅತಿಥಿ ಶಿಕ್ಷಕರಿದ್ದಾರೆ. ಅವರಲ್ಲಿ ಅನೇಕರು ಬಹಳ ಚೆನ್ನಾಗಿ ಕಲಿಸುತ್ತಾರೆ, ಆದರೆ ಅವರ ಗೌರವಧನ ಕಡಿಮೆ, ಮುಂದಿನ ಜೂನಿನಲ್ಲಿ ಅದೇ ಶಾಲೆಗೆ ಬರುತ್ತಾರೆಂಬ ಖಾತ್ರಿಯೂ ಇಲ್ಲ.

ಇಂಗ್ಲಿಷ್ ವಿಷಯಕ್ಕೆ ಬಂದರೆ ಮುಚ್ಚುಮರೆಯಿಲ್ಲದೆ ಹೇಳಬೇಕು: ಮಾತನಾಡುವುದರಲ್ಲಿ ಮಗಳು ಇದೇ ವಯಸ್ಸಿನಲ್ಲಿ ಮಗನಿಗಿಂತ ಬಹಳ ಮುಂದಿದ್ದಳು. ರಾಜ್ಯದ 1,000 ಸರ್ಕಾರಿ ಶಾಲೆಗಳಲ್ಲಿ 2019-20ರಿಂದ ಆರಂಭಗೊಂಡು ಮುಂದೆ ಹೆಚ್ಚುತ್ತಾ ಹೋದ ಇಂಗ್ಲಿಷ್ ಮಾಧ್ಯಮ ವಿಭಾಗಗಳು ಹೆಸರಿಗೆ ಇಂಗ್ಲಿಷ್ ಮಾಧ್ಯಮ, ನಡೆಯುವುದು ದ್ವಿಭಾಷೆಯಲ್ಲಿ. ಗಣಿತ, ಪರಿಸರ ಅಧ್ಯಯನದ ಪುಸ್ತಕಗಳು ಎರಡು ಭಾಷೆಯಲ್ಲೂ ಇವೆ. ಶಿಕ್ಷಕಿ ಕನ್ನಡದಲ್ಲಿ ವಿವರಿಸಿ ಇಂಗ್ಲಿಷ್‌ನಲ್ಲಿ ಬರೆಸುತ್ತಾರೆ. ನನ್ನ ಪ್ರಕಾರ ಇದು ಕೊರತೆಯಲ್ಲ, ಮೂರನೆಯ ತರಗತಿಯ ಮಗುವಿಗೆ ಇದೇ ಸರಿಯಾದ ಕ್ರಮ. ಮಗನಿಗೆ ಭಾಗಾಕಾರ ಅರ್ಥವಾಗಿದೆ, ಅದನ್ನು ಇಂಗ್ಲಿಷ್‌ನಲ್ಲಿ ಹೇಳಲು ಬರುವುದಿಲ್ಲ. ಮಗಳಿಗೆ ಆ ವಯಸ್ಸಿನಲ್ಲಿ ಇಂಗ್ಲಿಷ್‌ನಲ್ಲಿ ಹೇಳಲು ಬರುತ್ತಿತ್ತು, ಉಳಿದ ಶೇಷವನ್ನು ಏನು ಮಾಡಬೇಕೆಂದು ತಿಳಿಯುತ್ತಿರಲಿಲ್ಲ. ಪ್ರಾಥಮಿಕ ಹಂತದಲ್ಲಿ ಮಾತೃಭಾಷಾ ಮಾಧ್ಯಮವನ್ನು ಸರ್ಕಾರ ಕಡ್ಡಾಯಗೊಳಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2014ರ ಮೇ ತಿಂಗಳಲ್ಲಿ ಕರ್ನಾಟಕದ ಪ್ರಕರಣದಲ್ಲಿಯೇ ತೀರ್ಪು ಕೊಟ್ಟ ಮೇಲೆ ಮಾಧ್ಯಮದ ಆಯ್ಕೆ ಸಂಪೂರ್ಣವಾಗಿ ಪೋಷಕರ ತಲೆಯ ಮೇಲೆ ಬಿದ್ದಿದೆ. ಯಾವ ಶಾಲೆಯಲ್ಲಾದರೂ ಕನ್ನಡವನ್ನು ಒಂದು ಭಾಷೆಯಾಗಿ ಕಲಿಸಲೇಬೇಕೆಂಬ 2015ರ ಕನ್ನಡ ಭಾಷಾ ಕಲಿಕೆ ಕಾಯ್ದೆ ಮಾತ್ರ ಉಳಿದಿದೆ. ಮಗಳ ಶಾಲೆ ಆ ಕಾಯ್ದೆಯನ್ನು ಪಾಲಿಸುತ್ತದೆ, ವೇಳಾಪಟ್ಟಿಯಲ್ಲಿ. ವಾರ್ಷಿಕೋತ್ಸವ ಹತ್ತಿರ ಬಂದಾಗ ನೃತ್ಯದ ಅಭ್ಯಾಸಕ್ಕೆ ಮೊದಲು ಬಲಿಯಾಗುವುದು ಕನ್ನಡದ ಪೀರಿಯಡ್. ಏಳನೆಯ ತರಗತಿಯ ಅಕ್ಕ ದಿನಪತ್ರಿಕೆಯ ತಲೆಬರಹವನ್ನು ಒತ್ತಕ್ಷರದಲ್ಲಿ ಎಡವುತ್ತಾ ಓದುವಾಗ ಮೂರನೆಯ ತರಗತಿಯ ತಮ್ಮ ತಿದ್ದುವುದು ನಮ್ಮ ಮನೆಯ ದಿನನಿತ್ಯದ ಜಗಳಗಳಲ್ಲಿ ಒಂದು.

ಊಟದ ವಿಷಯದಲ್ಲಿ ಸರ್ಕಾರಿ ಶಾಲೆಗೆ ಪೂರ್ಣ ಅಂಕ ಕೊಡಲು ನಾನು ಸಿದ್ಧ. 2013ರ ಆಗಸ್ಟ್ 1ರಂದು ಆರಂಭವಾದ ಕ್ಷೀರ ಭಾಗ್ಯದ 150 ಮಿಲಿಲೀಟರ್ ಹಾಲು, ಅದರೊಂದಿಗೆ ರಾಗಿ ಮಾಲ್ಟ್, ಮಧ್ಯಾಹ್ನ ಬಿಸಿಯೂಟ. ವಾರಕ್ಕೆ ಎರಡು ದಿನವಿದ್ದ ಮೊಟ್ಟೆಯನ್ನು ಅಜೀಂ ಪ್ರೇಮ್‌ಜಿ ಪ್ರತಿಷ್ಠಾನದ ನೆರವಿನಿಂದ 2024ರ ಸೆಪ್ಟೆಂಬರಿನಲ್ಲಿ ಆರು ದಿನಕ್ಕೆ ಏರಿಸಲಾಯಿತು. ಮೊಟ್ಟೆ ತಿನ್ನದವರಿಗೆ ಬಾಳೆಹಣ್ಣು. ಬೆಂಗಳೂರಿನ ಅನೇಕ ಶಾಲೆಗಳಿಗೆ ಊಟ ಬರುವುದು 2000ದಲ್ಲಿ ಇಲ್ಲಿಯೇ ಆರಂಭವಾದ ಅಕ್ಷಯ ಪಾತ್ರದ ಅಡುಗೆಮನೆಗಳಿಂದ. ಈರುಳ್ಳಿ, ಬೆಳ್ಳುಳ್ಳಿ ಇಲ್ಲದ ಆ ಸಾಂಬಾರು ನಮ್ಮ ಮನೆಯ ಸಾರಿಗೆ ಒಗ್ಗಿದ ನಾಲಿಗೆಗೆ ಮೊದಮೊದಲು ಸಪ್ಪೆಯೆನಿಸಿತು ಎಂಬುದು ಮಗನ ಅಭಿಪ್ರಾಯ; ಈಗ ಎರಡನೆಯ ಸಲ ಬಡಿಸಿಕೊಳ್ಳುತ್ತಾನಂತೆ. ಮಗಳ ಶಾಲೆಯಲ್ಲಿ ಡಬ್ಬಿಯೇ ಗತಿ. ಬೆಳಿಗ್ಗೆ ಏಳಕ್ಕೆ ತುಂಬಿದ ಚಿತ್ರಾನ್ನವನ್ನು ಅವಳು ತಿನ್ನುವುದು ಮಧ್ಯಾಹ್ನ ಹನ್ನೆರಡೂವರೆಗೆ, ಅರ್ಧ ವಾಪಸು ಬರುತ್ತದೆ.

ಶೌಚಾಲಯ, ಕಾವಲು, ಸಮಯ ಈ ಮೂರರಲ್ಲಿ ಖಾಸಗಿ ಶಾಲೆಯೇ ಮುಂದು, ಇದರಲ್ಲಿ ಚರ್ಚೆಗೆ ಅವಕಾಶವಿಲ್ಲ. ಮಗನ ಶಾಲೆಯ ಶೌಚಾಲಯ ಶುಚಿಯಾಗಿರುವುದು ಶಾಲೆಯ ಮೇಲುಸ್ತುವಾರಿ ಸಮಿತಿಯಾದ ಎಸ್‌ಡಿಎಂಸಿಯ ಅಧ್ಯಕ್ಷರು ಒಬ್ಬ ಹೆಂಗಸನ್ನು ಗೊತ್ತುಮಾಡಿ, ದಾನಿಗಳಿಂದ ಸಂಗ್ರಹಿಸಿದ ಹಣದಲ್ಲಿ ಆಕೆಗೆ ತಿಂಗಳಿಗಿಷ್ಟೆಂದು ಕೊಡುತ್ತಿರುವುದರಿಂದ. ಆಕೆ ಬಾರದ ವಾರ ಮಗ ಮನೆಗೆ ಓಡಿಬರುತ್ತಾನೆ. ಶಾಲೆ ಮನೆಯಿಂದ ನಡೆದು ಹೋಗುವಷ್ಟು ಹತ್ತಿರವಿರುವುದರಿಂದ ನಡೆದುಹೋಯಿತು. ಸರ್ಕಾರಿ ಶಾಲೆ ಹತ್ತು ಗಂಟೆಯ ಹೊತ್ತಿಗೆ ಶುರುವಾಗಿ ನಾಲ್ಕರ ಮೇಲೆ ಬಿಡುತ್ತದೆ, ಶನಿವಾರ ಬೆಳಗಿನ ಹೊತ್ತು ಮಾತ್ರ. ಗಂಡ ಹೆಂಡತಿ ಇಬ್ಬರೂ ಎಂಟೂವರೆಗೆ ಮನೆ ಬಿಡುವ ಸಂಸಾರಗಳಲ್ಲಿ ನಡುವಿನ ಒಂದೂವರೆ ಗಂಟೆಯನ್ನು ಯಾರು ನೋಡಿಕೊಳ್ಳಬೇಕು? ನಮ್ಮಲ್ಲಿ ಅತ್ತೆಯವರಿದ್ದಾರೆ. ಇಲ್ಲದವರು ಈ ಒಂದೇ ಕಾರಣಕ್ಕೆ ಕಾನ್ವೆಂಟಿನ ಕಡೆಗೆ ತಿರುಗುವುದನ್ನು ಕಂಡಿದ್ದೇನೆ, ಅವರನ್ನು ಇಂಗ್ಲಿಷ್ ಮೋಹಿಗಳೆಂದು ಜರೆಯುವುದು ಅನ್ಯಾಯ.

ಎಸ್‌ಡಿಎಂಸಿಯ ಬಗ್ಗೆ ಇನ್ನೊಂದು ಮಾತು. ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯಲ್ಲಿ ಪೋಷಕರದೇ ಬಹುಮತ. ಅದರ ಸಭೆಯಲ್ಲಿ ನಾನು ಕೇಳಿದ ಪ್ರಶ್ನೆಗೆ ಮುಖ್ಯ ಶಿಕ್ಷಕಿ ಹಾಜರಾತಿ ಪುಸ್ತಕವನ್ನೇ ತಂದು ಎದುರಿಗಿಟ್ಟು ಉತ್ತರಿಸಿದರು. ಮಗಳ ಶಾಲೆಯ ಪೋಷಕರ ಸಭೆಯಲ್ಲಿ ನಮಗೆ ಸಿಗುವುದು ಹತ್ತು ನಿಮಿಷ, ಸಿಗುವ ಉತ್ತರ ‘ಮ್ಯಾನೇಜ್‌ಮೆಂಟಿಗೆ ತಿಳಿಸುತ್ತೇವೆ’. ಆದರೆ ಆ ಹಕ್ಕಿನ ಜೊತೆ ದುಡಿಮೆಯೂ ಬರುತ್ತದೆ: ಸೋರುವ ಚಾವಣಿಗೆ ಶಾಸಕರ ಕಚೇರಿ ಅಲೆಯುವುದು, ದಾನಿಗಳನ್ನು ಹುಡುಕುವುದು, ರಜೆಯಲ್ಲಿ ಕಾಂಪೌಂಡಿನೊಳಗೆ ಇಸ್ಪೀಟಾಡುವವರನ್ನು ಓಡಿಸುವುದು. ಖಾಸಗಿ ಶಾಲೆ ಹಣ ಕೇಳುತ್ತದೆ, ಸರ್ಕಾರಿ ಶಾಲೆ ಸಮಯ ಕೇಳುತ್ತದೆ. ನಿಮ್ಮ ಬಳಿ ಯಾವುದಿದೆ ಎಂದು ಮೊದಲೇ ನೋಡಿಕೊಳ್ಳಬೇಕು.

ಆರ್‌ಟಿಇ, ಅಂದರೆ ಶಿಕ್ಷಣ ಹಕ್ಕು ಕಾಯ್ದೆಯ ಸೀಟು ಸಿಗುತ್ತದೆಯೇ ಎಂದು ಈಗಲೂ ಕೇಳುವವರಿದ್ದಾರೆ. ಖಾಸಗಿ ಶಾಲೆಗಳಲ್ಲಿ ಶೇ 25ರಷ್ಟು ಸ್ಥಾನಗಳನ್ನು ದುರ್ಬಲ ವರ್ಗದವರಿಗೆ ಮೀಸಲಿಡುವ ನಿಯಮ ಕಾಯ್ದೆಯಲ್ಲಿ ಇನ್ನೂ ಇದೆ, ಆದರೆ 2019-20ರ ಸಾಲಿನಿಂದ ಕರ್ನಾಟಕದಲ್ಲಿ ನೆರೆಹೊರೆಯಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇಲ್ಲದ ಕಡೆ ಮಾತ್ರ ಅದು ಖಾಸಗಿ ಶಾಲೆಗೆ ಅನ್ವಯಿಸುತ್ತದೆ. ಬೆಂಗಳೂರಿನಲ್ಲಿ ಅಂತಹ ಜಾಗ ಹುಡುಕುವುದು ಕಷ್ಟ. ಕೇಂದ್ರೀಯ ವಿದ್ಯಾಲಯ ಸಿಕ್ಕಿದರೆ ಬಿಡಬಾರದು. ಕೇಂದ್ರ ಸರ್ಕಾರದ ನೌಕರರಲ್ಲದವರಿಗೆ ಅದು ಲಾಟರಿ. ಮಲ್ಲೇಶ್ವರ, ಬಸವನಗುಡಿ, ಚಾಮರಾಜಪೇಟೆಯ ಕಡೆಯ ಹಳೆಯ ಅನುದಾನಿತ ಶಾಲೆಗಳನ್ನು ಮಾತ್ರ ನಮ್ಮ ಪೀಳಿಗೆಯವರು ಅನಾವಶ್ಯಕವಾಗಿ ಮರೆತಿದ್ದಾರೆ. ಶುಲ್ಕ ಕಡಿಮೆ, ಮೈದಾನ ದೊಡ್ಡದು, ಅಲ್ಲಿ ಓದಿದವರು ಊರ ತುಂಬ ಇದ್ದಾರೆ. ನಿವೃತ್ತರಾದವರ ಜಾಗಕ್ಕೆ ಅನುದಾನಿತ ಶಿಕ್ಷಕರು ಬಾರದೆ, ಆಡಳಿತ ಮಂಡಳಿ ತಾನೇ ಗೊತ್ತುಮಾಡಿಕೊಂಡವರು ಎಷ್ಟಿದ್ದಾರೆ ಎಂದು ವಿಚಾರಿಸಿ ಸೇರಿಸಬಹುದು.

ಪ್ರವೇಶಕ್ಕೆ ಹೋಗುವವರು ಕಟ್ಟಡ ನೋಡುವುದಕ್ಕೆ ಮೊದಲು ಶಾಲೆಗಳ ಅಂಕಿಅಂಶ ಸಿಗುವ ಯುಡೈಸ್ ಪ್ಲಸ್ ಎಂಬ ಸರ್ಕಾರಿ ಜಾಲತಾಣದಲ್ಲಿ ಆ ಶಾಲೆಯ ಮಕ್ಕಳ ಸಂಖ್ಯೆ, ಶಿಕ್ಷಕರ ಸಂಖ್ಯೆಯನ್ನು ನೋಡಿಕೊಳ್ಳುವುದು ಒಳ್ಳೆಯದು. ಸರ್ಕಾರಿ ಶಾಲೆಯಲ್ಲಿ ಕೇಳಬೇಕಾದದ್ದು: ಮಂಜೂರಾದ ಹುದ್ದೆ ಎಷ್ಟು, ಕಾಯಂ ಶಿಕ್ಷಕರು ಎಷ್ಟು, ಈ ವರ್ಷ ನಿವೃತ್ತರಾಗುವವರು ಇದ್ದಾರೆಯೇ. ಖಾಸಗಿ ಶಾಲೆಯಲ್ಲಿ, ಬೋರ್ಡಿನ ಮೇಲೆ ಸಿಬಿಎಸ್‌ಇ ಎಂದು ಬರೆದಿದ್ದರೆ ಸಂಯೋಜನಾ ಸಂಖ್ಯೆಯನ್ನು (ಅಫಿಲಿಯೇಷನ್ ನಂಬರ್) ಕೇಳಿ ಪಡೆದು ಮಂಡಳಿಯ ಜಾಲತಾಣದಲ್ಲಿ ಹೋಲಿಸಬೇಕು. ರಾಜ್ಯ ಪಠ್ಯಕ್ರಮಕ್ಕೆ ಅನುಮತಿ ಪಡೆದು ಸಿಬಿಎಸ್‌ಇ ಎಂದು ನಂಬಿಸಿದ ಪ್ರಕರಣಗಳು ಈ ಊರಿನಲ್ಲಿಯೇ ನಡೆದಿವೆ. ಪ್ರವೇಶಕ್ಕೆಂದು ಮಗುವಿಗೋ ಪೋಷಕರಿಗೋ ಸಂದರ್ಶನ ನಡೆಸುವುದನ್ನು ಶಿಕ್ಷಣ ಹಕ್ಕು ಕಾಯ್ದೆಯ 13ನೆಯ ಸೆಕ್ಷನ್ ನಿಷೇಧಿಸುತ್ತದೆ, ಅದಕ್ಕೆ ‘ಇಂಟರ್‌ಯಾಕ್ಷನ್’ ಎಂದು ಹೆಸರಿಟ್ಟರೂ ಅಷ್ಟೆ. ಖಾಸಗಿಯಿಂದ ಸರ್ಕಾರಿ ಶಾಲೆಗೆ ಬದಲಿಸುವವರು ಶುಲ್ಕ ಬಾಕಿಯ ನೆಪದಲ್ಲಿ ಟಿಸಿ ತಡೆಹಿಡಿದಿದ್ದಾರೆಂದು ಹೆದರಬೇಕಾಗಿಲ್ಲ. ಟಿಸಿ ತಡವಾಯಿತೆಂಬ ಕಾರಣಕ್ಕೆ ಸರ್ಕಾರಿ ಶಾಲೆ ಪ್ರವೇಶ ನಿರಾಕರಿಸುವಂತಿಲ್ಲ, ರಾಜ್ಯದ ವಿದ್ಯಾರ್ಥಿ ದಾಖಲೆಯಲ್ಲಿ ಮಗುವಿಗೆ ಕೊಟ್ಟಿರುವ ಸ್ಯಾಟ್ಸ್ ಸಂಖ್ಯೆ ಜೊತೆಗಿದ್ದರೆ ಕೆಲಸ ಇನ್ನೂ ಸುಲಭ.

ಐದಕ್ಕೆ ಅಂಕ ಕೊಡಬೇಕೆಂದರೆ ಮಗನ ಶಾಲೆಗೆ ನಾಲ್ಕು, ಮಗಳ ಶಾಲೆಗೆ ಎರಡೂವರೆ. ಆ ನಾಲ್ಕರಲ್ಲಿ ಒಂದು ಅಂಕ ಅವನ ಶಿಕ್ಷಕಿಯೊಬ್ಬರದೇ, ಅವರಿಗೆ ವರ್ಗಾವಣೆಯಾದರೆ ತಿದ್ದಬೇಕಾಗುತ್ತದೆ. ಮಗಳನ್ನು ಈಗ ಸಿಬಿಎಸ್‌ಇಯಿಂದ ಕದಲಿಸುವುದು ಸರಿಯಲ್ಲವಾದ್ದರಿಂದ ಹತ್ತನೆಯ ತರಗತಿಯವರೆಗೆ ಅಲ್ಲಿಯೇ ಇರುತ್ತಾಳೆ, ಗಣಿತಕ್ಕೆ ಮನೆಪಾಠ ಹಾಕಿಸಿದ್ದೇವೆ. ಮಗನನ್ನು ಐದರವರೆಗೆ ಇಲ್ಲಿಯೇ ಓದಿಸಿ, ಆರಕ್ಕೆ ಮಲ್ಲೇಶ್ವರದ ಅನುದಾನಿತ ಶಾಲೆಗಳಲ್ಲಿ ವಿಚಾರಿಸುವ ಯೋಚನೆಯಿದೆ. ಅಷ್ಟರೊಳಗೆ ಇಲ್ಲಿನ ಮೇಲಿನ ತರಗತಿಗಳಿಗೆ ವಿಜ್ಞಾನದ ಕಾಯಂ ಶಿಕ್ಷಕರು ಬಂದರೆ ಬದಲಿಸುವುದಿಲ್ಲ.